ನನ್ನ ಕಿವಿಯನ್ನು ಅಳೆದ ಹತ್ತು ಕಾಯಿಗಳು

ಏಳನೇ ಕಾಯಿಯ ಮೇಲೆ ಸುಣ್ಣದಲ್ಲಿ ಬರೆದಿದ್ದ ಅಂಕಿ ಸ್ವಲ್ಪ ಎಡಕ್ಕೆ ವಾಲಿತ್ತು. ಉಳಿದ ಒಂಬತ್ತೂ ನೆಟ್ಟಗಿದ್ದವು. ಒರೆಸಿ ಮತ್ತೆ ಬರೆದೆ. ವೈಜ್ಞಾನಿಕ ಕೆಲಸದಲ್ಲಿ ಅಂಕಿ ವಾಲಬಾರದು, ನೋಡಿ!

ಆಗ ಅಜ್ಜಿ ಇದ್ದಳು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಿಬ್ಬನಹಳ್ಳಿ ಪಕ್ಕದ ನಮ್ಮೂರಿಂದ ತಿಪಟೂರಿನ ಕಾಲೇಜಿಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಮೊದಲ ವರ್ಷ ಅದು. ಹಿಂದಿನ ಬೇಸಿಗೆಯಲ್ಲಿ ಬಂದ ಜ್ವರ, ಹೋಗುವಾಗ ನನ್ನ ಕಿವಿಗಳಲ್ಲಿ ಒಂದು ಸದ್ದನ್ನು ಬಿಟ್ಟುಹೋಗಿತ್ತು. ಚೋಕು ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಸದಾ ಗುಂಯ್ ಎನ್ನುವುದು. ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಅದು ನಮ್ಮ ಅಟ್ಟ.

ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದರೆ ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾದ ಮೇಲೆ ಇಳಿಸಬೇಕು. ಒಂದು ಗುಟುಕು ನೀರು ಉಳಿದಿರುವಾಗ ಸುಲಿಸಿದರೂ ಕೊಬ್ಬರಿ ಕೆಟ್ಟಿತು, ವರ್ಷ ಕೆಟ್ಟಿತು. ಹೊತ್ತು ಬಂತೋ ಇಲ್ಲವೋ ಎಂದು ಹೇಳುವವಳು ಅಜ್ಜಿ. ಕಾಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರೆ ತೀರ್ಪು ಮುಗಿಯಿತು. ನನಗೆ ಏಳು ವರ್ಷವಿದ್ದಾಗಲೇ, ಹೆಂಚಿನ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಬೀಳುತ್ತಿದ್ದ ಆ ಅಟ್ಟದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕಲಿಸಿದ್ದಳು.

"ಏನಂತೈತೆ ಮಗಾ?"

"ಅಳ್ತೈತೆ."

"ಹಂಗಾರೆ ಆ ಕಡೆ ಇಡು. ಇದು?"

"ನಗ್ತೈತೆ!"

ನೀರಿದ್ದ ಕಾಯಿ ಅಳುತ್ತದೆ, ಒಣಗಿದ್ದು ನಗುತ್ತದೆ. ಮುಂದೆ ವಿಶ್ವವಿದ್ಯಾಲಯದಲ್ಲಿ ಕಲಿತ ಯಾವ ನಿಯಮವೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಆ ವರ್ಷ ಅಜ್ಜಿ ಮಂಡಿ ನೀವಿಕೊಳ್ಳುತ್ತಾ, "ಇದು ಏಣಿ ಹತ್ತಲ್ಲ ಅಂತೈತೆ ಕಣೇ. ಈ ಸಲ ಅಟ್ಟ ನೀನೇ ನೋಡು. ಈ ಮನೇಲಿ ಕಿವಿ ಅಂತ ಇರೋದು ನನ್ನ ಬುಟ್ರೆ ನಿಂದೇ" ಎಂದುಬಿಟ್ಟಳು. ಆ ಕಿವಿಯೋ, ಗುಂಯ್ ಎನ್ನುತ್ತಿತ್ತು! ಅಟ್ಟ ಇಳಿಸಲು ಮೂರು ತಿಂಗಳಿತ್ತು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಂಥ ಸದ್ದಿಗೆಂದು ಹೊಸ ಮಾತ್ರೆಯೊಂದನ್ನು ಪ್ರಯೋಗಿಸಿ ನೋಡುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದೆ. ಅಮ್ಮನಿಗೆ "ಪುಸ್ತಕ ತರಬೇಕು" ಎಂದು ಹೇಳಿ ರೈಲು ಹತ್ತಿದೆ. ಅಲ್ಲಿದ್ದ ಯುವ ಡಾಕ್ಟರು ಎಲ್ಲವನ್ನೂ ವಿವರಿಸಿದರು.

"ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಬರೀ ಸಕ್ಕರೆ ಮಾತ್ರೆ. ನಿಮಗೆ ಯಾವುದು ಸಿಕ್ಕಿದೆ ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ."

ಇಷ್ಟು ಪ್ರಾಮಾಣಿಕ ವೈದ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಹಿ ಹಾಕಿದೆ.

"ದಿನಾ ಬೆಳಿಗ್ಗೆ ಸದ್ದು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೀರಿ ಮೇಡಂ."

"ಯಾವ ಅಳತೆಯಿಂದ?"

"ಅಳತೆ ಏನಿಲ್ಲ. ಸುಮ್ನೆ ಅಂದಾಜು."

ಅಂದಾಜು! ಅದೂ ನನ್ನಂಥವಳಿಗೆ! ರೈಲು ತುಮಕೂರು ದಾಟುವುದರೊಳಗೆ ನಾನು ಒಂದು ಮಾಪನಯಂತ್ರವನ್ನೇ ಕಂಡುಹಿಡಿದಿದ್ದೆ.

ಅಟ್ಟದಿಂದ ಹತ್ತು ಕಾಯಿ ಇಳಿಸಿ, ಕಿವಿಗೇ ಒತ್ತಿ ಹಿಡಿದು ಕೇಳಿ, ಸದ್ದಿನ ಪ್ರಕಾರ ಜೋಡಿಸಿದೆ. ಕೇಳಿಯೂ ಕೇಳದಂತೆ ನೀರಾಡುವ ಕಾಯಿ ಒಂದನೆಯದು. ಗಡಗಡ ಎನ್ನುವ ಒಣಕಾಯಿ ಹತ್ತನೆಯದು. ನಡುವೆ ಎಂಟು ಮೆಟ್ಟಿಲು. ಒಂದೊಂದಾಗಿ ಕಿವಿಯಿಂದ ಒಂದು ಗೇಣು ದೂರದಲ್ಲಿ ಅಲ್ಲಾಡಿಸಬೇಕು. ನನ್ನ ಗುಂಯ್ ಅನ್ನು ದಾಟಿ ಕೇಳಿಸುವ ಅತಿ ಸಣ್ಣ ಸದ್ದಿನ ಕಾಯಿ ಯಾವುದೋ, ಅದೇ ಆ ದಿನದ ಅಂಕಿ. ಯಂತ್ರವನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲ ಒಲೆಯ ಹಿಂದಿನ ಗೂಡಿನಲ್ಲಿ ಸ್ಥಾಪಿಸಲಾಯಿತು. ಮೊದಲ ದಿನದ ಅಂಕಿ ಒಂಬತ್ತು.

ನಾಲ್ಕನೇ ದಿನ ಕೆಂಡ ಕೇಳಲು ಬಂದ ಪಕ್ಕದ ಮನೆ ಗೌರಕ್ಕ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಕಣ್ಣು ಮುಚ್ಚಿ ಆರನೇ ಕಾಯಿ ಅಲ್ಲಾಡಿಸುತ್ತಿದ್ದೆ.

"ಇದ್ಯಾವ ವ್ರತ ಕಣೇ ವಿಮಲಾ?"

ನಿಜ ಹೇಳಿದರೆ ಕಿವಿಯ ಸುದ್ದಿ ಸಂಜೆಯೊಳಗೆ ಊರ ಸುದ್ದಿ. ಸುಮ್ಮನೆ ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದೇ ತಪ್ಪಾಯಿತು! ಗೌರಕ್ಕ ನೇರವಾಗಿ ಅಡುಗೆಮನೆಗೆ ಹೋದಳು.

"ನಿನ್ ಮಗಳು ಗಂಡಿಗೋಸ್ಕರ ಕಾಯಿ ವ್ರತ ಹಿಡಿದವಳೆ ಕಣಕ್ಕಾ. ಬಾಯಿ ಬಿಟ್ಟು ಹೇಳೋ ಪೈಕಿ ಅಲ್ಲ, ನೀವೇ ತಿಳ್ಕೋಬೇಕು."

ಅಮ್ಮ ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಕಣ್ಣೊರೆಸಿಕೊಳ್ಳತೊಡಗಿದಳು. ವಾರ ಕಳೆಯುವುದರೊಳಗೆ ಗೌರಕ್ಕನ ಮಗಳೂ ಹತ್ತು ಕಾಯಿ ಅಲ್ಲಾಡಿಸಲು ಶುರುಮಾಡಿದಳು. ತಿಂಗಳೊಳಗೆ ಅವಳಿಗೆ ಹಂದನಕೆರೆಯ ಗಂಡು ಗೊತ್ತಾಯಿತು!

ನನಗೆ ಗಂಡು ಗೊತ್ತಾಗಲಿಲ್ಲ. ಆದರೆ ಅಂಕಿ ಇಳಿಯಿತು. ಒಂಬತ್ತಿದ್ದದ್ದು ಎಂಟು, ಏಳು, ಐದು! ಒಂದೂವರೆ ತಿಂಗಳಿಗೆ ನಕ್ಷೆಯ ಹಾಳೆಯಲ್ಲಿ ಗೆರೆ ಎಳೆದುಕೊಂಡು ಬೆಂಗಳೂರಿಗೆ ಹೋದೆ. ಡಾಕ್ಟರು ಎದ್ದು ನಿಂತರು. "ಎಷ್ಟು ಅಚ್ಚುಕಟ್ಟು ಮೇಡಂ! ಎಲ್ಲರೂ ಹೀಗೆ ಬರೆದರೆ!" ಎಂದು ನನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿದರು. ಅಂಕಿ ಹೇಗೆ ಬಂತು ಎಂದು ಅವರು ಕೇಳಲಿಲ್ಲ. ನಾನಾಗಿ ಹೇಳುವವಳಲ್ಲ. ಮೂರನೇ ತಿಂಗಳ ಕೊನೆಗೆ ಅಂಕಿ ಎರಡಕ್ಕೆ ಬಂತು. ಗುಂಯ್ ಇನ್ನೂ ಇತ್ತು, ಸುಳ್ಳು ಹೇಳಬಾರದು. ಆದರೆ ಅನಿಸಿಕೆಗಿಂತ ಅಳತೆ ದೊಡ್ಡದು ಎಂದು ತರಗತಿಯಲ್ಲಿ ಪಾಠ ಹೇಳುತ್ತಿದ್ದವಳು ನಾನೇ ಅಲ್ಲವೇ?

ಅಟ್ಟ ನೋಡುವ ದಿನ ಇಸ್ತ್ರಿ ಮಾಡಿದ ಹೊಸ ಸೀರೆ ಉಟ್ಟು ಏಣಿ ಹತ್ತಿದೆ. ನಾಲ್ಕು ಮೂಲೆಯಿಂದ ಆರಿಸಿ, ಅಲ್ಲಾಡಿಸಿ ನೋಡಿ, ಒಂದು ಮಂಕರಿ ಕಾಯಿಯನ್ನು ಪಡಸಾಲೆಗೆ ಇಳಿಸಿದೆ.

"ಎಲ್ಲಾ ನಗ್ತಾವೆ ಅಜ್ಜಿ. ಸೋಮವಾರ ಸುಲಿಯೋರಿಗೆ ಬರೋಕೆ ಹೇಳಬಹುದು."

ಅಜ್ಜಿ ಒಂದು ಕಾಯಿ ಎತ್ತಿದಳು. ಎರಡು ಸಲ ಅಲ್ಲಾಡಿಸಿದಳು. ಮಚ್ಚಿನಿಂದ ಒಂದೇ ಏಟು. ನೀರು ಚಿಮ್ಮಿ ನನ್ನ ಹೊಸ ಸೀರೆಯ ನೆರಿಗೆಯೆಲ್ಲ ತೊಯ್ದು ಹೋಯಿತು. ಇನ್ನೊಂದು ಒಡೆದಳು. ಅದೂ ಅತ್ತಿತು. ಮೂರನೆಯದಕ್ಕೆ ನಾನೂ ಅಳುವ ಹಾಗಾಗಿದ್ದೆ.

"ಏನಾಯ್ತೇ ನಿನ್ ಕಿವಿಗೆ?"

ಹೇಳಿದೆ. ಜ್ವರ, ಗುಂಯ್, ಮಾತ್ರೆ, ಎಲ್ಲವನ್ನೂ. ಅಳತೆಯಲ್ಲಿ ತಪ್ಪಿಲ್ಲ ಎಂದು ತೋರಿಸಲು ಬಚ್ಚಲಿಂದ ಹತ್ತು ಕಾಯನ್ನೂ ತಂದಿಟ್ಟೆ. ಅಜ್ಜಿ ಒಂದನೇ ಕಾಯನ್ನು ಎತ್ತಿ ಅಲ್ಲಾಡಿಸಿದಳು.

"ಇದು ಎಲ್ಲಿತ್ತು?"

"ಬಚ್ಚಲ ಒಲೆ ಹಿಂದೆ."

"ಎಷ್ಟು ದಿನ?"

"ಮೂರು ತಿಂಗಳು."

ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹತ್ತು ಕಾಯಿಗಿಂತ ಜೋರಾಗಿ ನಕ್ಕಳು.

"ಒಲೆ ಮಗ್ಗುಲಲ್ಲಿ ಕಾಯಿ ಮೂರು ತಿಂಗಳು ಸುಮ್ನೆ ಕೂತಿರ್ತೈತೇನೇ? ಒಣಗೈತೆ! ವಾಸಿಯಾಗಿರೋದು ಕಾಯಿ ಕಣವ್ವಾ. ನಿನ್ ಕಿವಿ ಇದ್ದಂಗೇ ಐತೆ."

ತೆಂಗಿನ ಸೀಮೆಯಲ್ಲಿ ಹುಟ್ಟಿ, ಅಟ್ಟದ ಕೆಳಗೆ ಬೆಳೆದು, ಕಾಯಿ ಒಣಗುತ್ತದೆ ಎಂಬುದನ್ನು ಮರೆತ ಏಕೈಕ ಭೌತವಿಜ್ಞಾನಿ ನಾನು! ಅತ್ತ ಬೆಂಗಳೂರಿನ ಗೋಡೆಯ ಮೇಲೆ ನಮ್ಮ ಬಚ್ಚಲ ಒಲೆಯ ಸಾಧನೆ ನೇತಾಡುತ್ತಿತ್ತು.

"ಹಂಗಾದ್ರೆ ಅಟ್ಟ ನೋಡೋರು ಯಾರು ಅಜ್ಜಿ? ನನ್ನ ಕಿವಿ ಹೋಯ್ತಲ್ಲ."

ಅಜ್ಜಿ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನಂಗೂ ಕಿವಿ ಕೂಗ್ತೈತೆ ಕಣೇ. ನಿಮ್ ತಾತ ತೀರ್ಕೊಂಡಾಗಿಂದ. ಯಾರಿಗೂ ಹೇಳಿಲ್ಲ."

"ಮತ್ತೆ ಇಷ್ಟು ವರ್ಷ ಅಟ್ಟ ಹೆಂಗೆ ನೋಡ್ದೆ?"

"ಕೈಲಿ. ಒಳಗಿನ ಉಂಡೆ ಅಂಗೈಗೆ ಬಂದು ತಟ್ಟತೈತೆ. ನೀರಿದ್ರೆ ಜಾರತೈತೆ. ಕಿವಿ ಹತ್ರ ಹಿಡಿಯೋದು ನೋಡೋರಿಗೋಸ್ಕರ."

ಹೇಳಿಕೊಳ್ಳದ ಸ್ವಭಾವ ನನಗೆ ಎಲ್ಲಿಂದ ಬಂತು ಎಂಬುದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಡಾಕ್ಟರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ: "ಮಾಪನಯಂತ್ರವು ಮಾಗಿ ಒಣಗಿದ್ದು ಕಂಡುಬಂದಿರುವುದರಿಂದ, ನನ್ನ ನಕ್ಷೆಯನ್ನು ದಯವಿಟ್ಟು ಗೋಡೆಯಿಂದ ತೆಗೆಯಬೇಕಾಗಿ ವಿನಂತಿ." ಅಂಚೆ ಡಬ್ಬಿಗೆ ಹಾಕಿ ಬಂದು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಅಜ್ಜಿಯ ಎದುರು ಕುಳಿತೆ. ಅವಳು ನನ್ನ ಅಂಗೈಗೆ ಒಂದು ಕಾಯಿ ಇಟ್ಟಳು. ಏನು ಕೇಳಿದಳೆಂದು ತುಟಿ ನೋಡಿಯೇ ಗೊತ್ತಾಯಿತು.

ಅಲ್ಲಾಡಿಸಿದೆ. ತಟ್ಟಿದ ಹಾಗಾಯಿತು. "ನಗ್ತೈತೆ" ಎಂದೆ.

ಅಜ್ಜಿ ಮಚ್ಚೆತ್ತಿ ಒಡೆದಳು. ಮೊಣಕಾಲಿನವರೆಗೆ ನೆಂದೆ.

ಆದರೆ ಆ ದಿನ ನಾನು ಹಳೇ ಸೀರೆ ಉಟ್ಟಿದ್ದೆ. ಮೂರು ತಿಂಗಳ ಪ್ರಯೋಗದಿಂದ ಕಲಿತದ್ದು ಅಷ್ಟೇ.