ಹುಡುಗಿಯನ್ನು ಕಾಫಿಗೆ ಕಳಿಸಿ ತುಂಬಿದ ಫಾರಂಗಳು

ಸುಳ್ಳು ಹೇಳುವುದಕ್ಕೆ ಬಾಯಿ ಬೇಕೆಂದು ನೀವು ತಿಳಿದಿದ್ದರೆ ಅದು ತಪ್ಪು. ಒಂದು ಪೆನ್ನು, ಒಂದು ಫಾರಂ ಇದ್ದರೆ ಸಾಕು. ಎಂಬತ್ತರ ದಶಕದಲ್ಲಿ ನಾನು ಅಂಥ ಸುಳ್ಳನ್ನು ಸರ್ಕಾರಿ ಸಂಬಳ ತೆಗೆದುಕೊಂಡೇ ಹೇಳಿದ್ದೇನೆ.

ದೇಶದ ಹದಿಹರೆಯದವರಿಗೆ ತಮ್ಮ ಮೈಯ ಬಗ್ಗೆ, ಮುಟ್ಟು, ಬಸಿರು, ಗುಪ್ತರೋಗಗಳ ಬಗ್ಗೆ ಎಷ್ಟು ಗೊತ್ತು ಎಂದು ದೆಹಲಿಗೆ ತಿಳಿಯಬೇಕಿತ್ತು. ಸರ್ವೆಯಲ್ಲಿ ಬಸವನಗುಡಿ ನನ್ನ ಪಾಲಿಗೆ ಬಂತು. ಇಂಥ ಪ್ರಶ್ನೆ ಕೇಳಲು ಗಂಡಸನ್ನು ಕಳಿಸಿದ ಮೇಧಾವಿ ಯಾರೋ, ಅವನಿಗೆ ಖಂಡಿತ ಬಡ್ತಿ ಸಿಕ್ಕಿರಬೇಕು. ಉತ್ತರವನ್ನು ಹುಡುಗಿಯೇ, ಒಬ್ಬಳೇ ಇದ್ದಾಗ ಕೊಡಬೇಕೆಂದು ಫಾರಂನ ಮೇಲ್ಗಡೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆದರೆ ಪ್ರತಿ ಮನೆಯಲ್ಲೂ ನಾನು ಕೂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಯಜಮಾನರು, "ಪುಟ್ಟಿ, ಕಾಫಿ ತೊಗೊಂಬಾ" ಎಂದು ಅವಳನ್ನು ಒಳಗೆ ಅಟ್ಟುತ್ತಿದ್ದರು. "ಅವಳಿಗೇನ್ರೀ ಗೊತ್ತು, ಮಗು ಅದು. ಗೊತ್ತಿಲ್ಲ ಅಂತ ಬರ್ಕೊಳ್ಳಿ." ಆ ಮಗುವಿನ ಜಾತಕ ಆಗಲೇ ನಾಲ್ಕು ಮನೆ ಸುತ್ತಿ ಬಂದಿರುತ್ತಿತ್ತು ಎಂಬುದು ಬೇರೆ ಮಾತು. ನಾನು ಎಲ್ಲ ಪ್ರಶ್ನೆಗೂ 'ಗೊತ್ತಿಲ್ಲ' ಎಂಬಲ್ಲಿ ಗೀಟು ಹಾಕಿ, ಕಾಫಿ ಕುಡಿದು, ಮುಂದಿನ ಮನೆಗೆ ಹೋಗುತ್ತಿದ್ದೆ. ಒಂದು ಚಿತ್ತಿಲ್ಲ, ಕಾಟಿಲ್ಲ. "ನಿಮ್ಮ ಫಾರಂ ನೋಡೋಕೇ ಖುಷಿ ಕಣ್ರೀ" ಎಂದು ಮೇಲಧಿಕಾರಿಗಳು ಬೆನ್ನು ತಟ್ಟಿದರು.

ನಮ್ಮ ಮನೆಯಿದ್ದ ಚಾಮರಾಜಪೇಟೆ ಸಹೋದ್ಯೋಗಿ ಸರೋಜಮ್ಮನವರ ಪಾಲಿಗೆ ಬಂದಿತ್ತು. ಒಂದು ಭಾನುವಾರ ಅವರು ಫಾರಂ ಹಿಡಿದು ನಮ್ಮ ಮನೆಗೇ ಬಂದರು. ಹೆಂಡತಿ ಮಲ್ಲೇಶ್ವರದ ಅಕ್ಕನ ಮನೆಗೆ ಹೋಗಿದ್ದಳು. ಹದಿನಾರರ ಮಗಳು ಸುಧಾ ಬಾಗಿಲ ಬಳಿ ನಿಂತಿದ್ದಳು. ನನ್ನ ಬಾಯಿಂದ ತಾನಾಗಿ ಹೊರಟಿತು: "ಸುಧಾ, ಕಾಫಿ ತೊಗೊಂಬಾಮ್ಮ. ಸರೋಜಮ್ಮ, ಎಲ್ಲದಕ್ಕೂ ಗೊತ್ತಿಲ್ಲ ಅಂತ ಹಾಕ್ಬಿಡಿ."

ಸುಧಾ ಅಲ್ಲಾಡಲಿಲ್ಲ. "ಅಪ್ಪ, ಮೊದಲ್ನೇ ಸಲ ಮುಟ್ಟಾದಾಗ ಸತ್ತೇಹೋಗ್ತೀನಿ ಅಂದ್ಕೊಂಡು ಮೂರು ದಿನ ಅತ್ತಿದ್ದೆ. ಅಮ್ಮಂಗೂ ಹೇಳೋಕೆ ಭಯ. ಹೊಟ್ಟೆನೋವು ಅಂದಿದ್ದಕ್ಕೆ ನೀವು ಓಮದ ನೀರು ಕೊಟ್ರಿ. ಕೊನೆಗೆ ಪಕ್ಕದ್ಮನೆ ಅಕ್ಕನ್ನ ಕೇಳಿ ತಿಳ್ಕೊಂಡೆ. ಈಗ ನಂಗೆ ಗೊತ್ತು. ನಾನೇ ಹೇಳ್ತೀನಿ."

ನನಗೆ ನಾಚಿಕೆಯಾಯಿತು, ಮಗಳ ಮಾತಿಗಲ್ಲ, ಆ ಓಮದ ನೀರಿಗೆ. ಸರೋಜಮ್ಮ ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದು, "ಸಾರ್, ರೂಲ್ಸು ನಿಮಗೇ ಗೊತ್ತಲ್ಲ. ನೀವು ಒಳಗೆ ಹೋಗಿ ಕಾಫಿ ತನ್ನಿ" ಎಂದರು.

ಕಾಫಿಪುಡಿಯ ಡಬ್ಬಿ ಯಾವುದೆಂದು ತಿಳಿಯದೆ ಅಡುಗೆಮನೆಯಲ್ಲಿ ತಡಕಾಡುತ್ತಿದ್ದೆ. ಹೊರಗೆ ಸುಧಾ ಒಂದೇ ಸಮನೆ ಮಾತಾಡುತ್ತಿದ್ದಳು; "ನಿಧಾನಮ್ಮ, ಬರ್ಕೊಳ್ತಿದೀನಿ" ಎನ್ನುತ್ತಿದ್ದರು ಸರೋಜಮ್ಮ. ನನ್ನ ಬಸವನಗುಡಿಯ ಫಾರಂಗಳ ಕಟ್ಟು ಆ ವಾರವೇ ದೆಹಲಿಗೆ ಹೊರಟುಹೋಗಿತ್ತು. ಅಲ್ಲಿ ಯಾರೋ ಪಂಡಿತರು ಅದನ್ನೆಲ್ಲ ಕೂಡಿಸಿ, ಬಸವನಗುಡಿಯ ಹುಡುಗಿಯರಿಗೆ ಏನೂ ಗೊತ್ತಿಲ್ಲವೆಂದು ವರದಿ ಬರೆದಿರುತ್ತಾರೆ. ಅದು ನಿಮ್ಮ ಕೈಗೆ ಸಿಕ್ಕರೆ ದಯವಿಟ್ಟು ನಂಬಬೇಡಿ. ಆ ಹುಡುಗಿಯರನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಅವರು ತಂದುಕೊಟ್ಟ ಕಾಫಿಯ ವಿಷಯ ಬೇಕಿದ್ದರೆ ಕೇಳಿ, ಮನೆಮನೆಯ ರುಚಿಯನ್ನೂ ಹೇಳಬಲ್ಲೆ.