ಗುರುವಿಗೆ ತವರ, ಶನಿಗೆ ಸೀಸ

ಬಾಡಿಗೆ ಮನೆಯಲ್ಲಿರುವವನು ಗೋಡೆಗೆ ಮೊಳೆ ಹೊಡೆಯುವ ಮೊದಲು ಮಾಲೀಕರನ್ನು ಕೇಳಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಮೊಳೆಗೆ ಏನನ್ನು ತೂಗುಹಾಕುತ್ತೇನೆ ಎಂಬುದನ್ನೂ ಕೇಳಬೇಕೆಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಬನಶಂಕರಿ ಎರಡನೇ ಹಂತದ ಒಂದು ಮಹಡಿ ಮನೆಯಲ್ಲಿ, ನಾನು ಮಾಟಗಾರನೋ ಅಲ್ಲವೋ ಎಂಬ ವಿಚಾರಣೆ ನಡೆಯುತ್ತಿರಲಿಲ್ಲ. ಅದರಲ್ಲಿ ನಾನು ಗೆಲ್ಲುತ್ತಲೂ ಇರಲಿಲ್ಲ. ಗೆದ್ದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ಆ ಕಾಲದ ದಿನಚರಿ ನನ್ನ ಬಳಿ ಇದೆ. ಅಡುಗೆಮನೆಯಲ್ಲಿ ಹೆಂಡತಿ ಲಲಿತ ಇದ್ದಾಳೆ. ಈ ಎರಡು ಆಧಾರಗಳೂ ಒಂದಕ್ಕೊಂದು ಹೊಂದುವುದಿಲ್ಲ, ನನ್ನ ನೆನಪು ಎರಡಕ್ಕೂ ಹೊಂದುವುದಿಲ್ಲ. ಇತಿಹಾಸದ ಮೇಷ್ಟ್ರಾಗಿ ಆಧಾರಗಳ ವಿಷಯದಲ್ಲಿ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಗೋಳಾಡಿಸಿದವನಿಗೆ ಇದು ತಕ್ಕ ಶಿಕ್ಷೆಯೇ.

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ, ಸಾಮ್ರಾಜ್ಯಗಳ ಪತನದ ಬಗ್ಗೆ ಏನಾದರೂ ಸಿಗಬಹುದೆಂದು ಹುಡುಕುತ್ತಿದ್ದಾಗ, ಯುರೋಪಿನ ಗೂಢವಿದ್ಯೆಗಳ ಮೇಲಿನ ಒಂದು ಕಟ್ಟು ಸಿಕ್ಕಿತು. ಪತನ ಅಲ್ಲೇ ಶುರುವಾಯಿತು. ಕೀಳು ಲೋಹದಿಂದ ಚಿನ್ನ ಮಾಡಲು ಹೊರಟ ರಸವಾದಿಗಳು, ಅಕ್ಷರಗಳನ್ನು ಕೂಡಿಸಿ ಕಳೆದು ಸೃಷ್ಟಿಯ ರಹಸ್ಯ ಹುಡುಕಿದ ಯೆಹೂದಿ ಪಂಡಿತರು, ಚಿತ್ರದ ಇಸ್ಪೀಟ್ ಎಲೆಗಳಲ್ಲಿ ಭವಿಷ್ಯ ನೋಡುವವರು, ಗುಪ್ತ ಸಂಘಗಳು! ವಿಶ್ವವಿದ್ಯಾಲಯದಲ್ಲಿ ನಮಗೆ ಯುರೋಪೆಂದರೆ ವಿಜ್ಞಾನ, ವಿಚಾರ, ಉಗಿಯಂತ್ರ ಎಂದು ಕಲಿಸಿದ್ದರು. ಅದೇ ಯುರೋಪು ಹಿತ್ತಲಲ್ಲಿ ಇಷ್ಟೆಲ್ಲ ನಡೆಸಿತ್ತೆಂದು ತಿಳಿದಾಗ, ಗಂಭೀರ ಮುಖದ ಪ್ರಿನ್ಸಿಪಾಲರು ಮನೆಯಲ್ಲಿ ಪಗಡೆ ಆಡುವುದನ್ನು ಕಂಡಷ್ಟು ಖುಷಿಯಾಯಿತು. ಆ ದೇಶಗಳಲ್ಲೂ ಒಬ್ಬಿಬ್ಬರು ವಿದ್ವಾಂಸರು ಆಗಷ್ಟೇ ಇದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡತೊಡಗಿದ್ದರು. ಕನ್ನಡದಲ್ಲಿ ಒಂದು ಪರಿಚಯ ಬರೆಯುವವನು ನಾನೇ ಏಕಾಗಬಾರದು? ಡ್ರಾಯಿಂಗ್ ಹಾಳೆಯ ಮೇಲೆ ಮುಖ್ಯ ಚಿತ್ರಗಳನ್ನು ದೊಡ್ಡದಾಗಿ ನಕಲು ಮಾಡಿ, ಬಣ್ಣ ಹಚ್ಚಿ, ಮುಂದಿನ ಕೋಣೆಯ ಗೋಡೆಗೆ ತೂಗುಹಾಕಿದೆ. ತನ್ನ ಬಾಲವನ್ನು ತಾನೇ ನುಂಗುವ ಹಾವು. ಕಣ್ಣು ಮೂಗು ಇರುವ ಸೂರ್ಯ ಚಂದ್ರರು. ಏಳು ಗ್ರಹಗಳ ಪಟ್ಟಿ, ರಸವಾದಿಯ ಒಲೆ. ಒಂದೇ ತೊಟ್ಟಿಯಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಕುಳಿತ ರಾಜ ಮತ್ತು ರಾಣಿ. ರಾಣಿಯನ್ನು ನಾನು ಚೆನ್ನಾಗಿ ಬರೆದಿರಲಿಲ್ಲ ಎಂಬುದನ್ನು ಲಲಿತ ಇಂದಿಗೂ ನೆನಪಿಸುತ್ತಾಳೆ.

ಕೆಳಗಿನ ಮನೆಯಲ್ಲಿ ಮಾಲೀಕರಾದ ನಂಜುಂಡಯ್ಯನವರೂ ಅವರ ಹೆಂಡತಿ ಸಾವಿತ್ರಮ್ಮನವರೂ ಇದ್ದರು. ಒಂದು ಬೆಳಿಗ್ಗೆ ಸಾವಿತ್ರಮ್ಮ ಮೊಸರಿನ ಹೆಪ್ಪಿಗೆಂದು ಬಟ್ಟಲು ಹಿಡಿದು ಮೇಲೆ ಬಂದರು. ಗೋಡೆ ನೋಡಿದರು. ಬಟ್ಟಲು ಖಾಲಿಯಾಗಿಯೇ ಕೆಳಗಿಳಿಯಿತು. ಸಂಜೆ ನಂಜುಂಡಯ್ಯ ಮೆಟ್ಟಿಲ ಬುಡದಲ್ಲೇ ನನ್ನನ್ನು ತಡೆದು, ಚಪ್ಪಲಿ ನೋಡುತ್ತ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಸಾರ್. ತಿಂಗಳ ಕೊನೆಗೆ ಬೇರೆ ಮನೆ ನೋಡ್ಕೊಳ್ಳಿ. ನಮ್ಮೋಳಿಗೆ ಬೆಳಗ್ಗಿಂದ ಕೈಕಾಲು ನಡುಕ. ನೀವು ಓದಿದೋರು, ನಿಮ್ಗೆ ನಾನೇನ್ ಹೇಳೋದು."

ಆಗಿನ ಬನಶಂಕರಿಯಲ್ಲಿ ಮನೆ ಸಿಗುವುದು ಕಷ್ಟವಿರಲಿಲ್ಲ. ನೀರು ಬರುವ ಮನೆ ಸಿಗುವುದು ಕಷ್ಟ. ಈ ಮನೆಗೆ ಮೊದಲು ಐದು ಮನೆ ಬದಲಿಸಿದ್ದೆವು, ಐದರಲ್ಲೂ ಲಲಿತ ಬೀದಿ ನಲ್ಲಿಯಿಂದ ಕೊಡ ಹೊತ್ತಿದ್ದಳು. ಸುದ್ದಿ ಕೇಳಿ ಅವಳು ಗೋಡೆಯ ಕಡೆ ತಿರುಗಿದಳು. "ರೀ, ಇಷ್ಟೆಲ್ಲ ವಿದ್ಯೆ ಇದ್ಯಲ್ಲ, ಮಹಡಿ ನಲ್ಲೀಲಿ ನೀರು ಬರ್ಸೋದು ಎಲ್ಲಾದ್ರೂ ಬರ್ದಿದ್ಯಾ?"

"ಇಲ್ಲ."

"ಹಾಗಾದ್ರೆ ಕೆಳಗೆ ಹೋಗಿ ಮಾತಾಡಿ. ಕಾಲಿಗೆ ಬಿದ್ರೂ ಪರವಾಗಿಲ್ಲ. ನಾನು ಮತ್ತೆ ಕೊಡ ಹೊರಲ್ಲ."

ಹೋದೆ. ನಂಜುಂಡಯ್ಯ ನ್ಯಾಯವಂತರು. ಗಿರಿನಗರದಲ್ಲಿ ಅವರ ಮನೆತನದ ಜೋಯಿಸರೊಬ್ಬರಿದ್ದಾರೆ, ಭಾನುವಾರ ಬಂದು ನೋಡಲಿ, ಕೆಡುಕಿಲ್ಲ ಎಂದರೆ ಇರಿ, ಇದೆ ಎಂದರೆ ಹೊರಡಿ ಎಂದು ತೀರ್ಮಾನವಾಯಿತು. ಎಂ.ಎ. ಮೌಖಿಕ ಪರೀಕ್ಷೆಗೂ ನಾನು ಅಷ್ಟು ಸಿದ್ಧನಾಗಿರಲಿಲ್ಲ. ನನ್ನ ವಾದ ಒಂದೇ ಆಗಿತ್ತು: ನಾನು ಇದನ್ನು ಅಭ್ಯಾಸ ಮಾಡುತ್ತೇನೆ, ಆಚರಿಸುವುದಿಲ್ಲ. ರೋಗದ ಬಗ್ಗೆ ಓದುವವನಿಗೆ ರೋಗವಿಲ್ಲ. ಈ ಉಪಮೆ ಲಲಿತಳಿಗೆ ಹಿಡಿಸಲಿಲ್ಲ. "ರೋಗ ಅನ್ಬೇಡಿ, ಅವ್ರು ಇನ್ನೂ ಹೆದರ್ತಾರೆ" ಎಂದು ಅದನ್ನು ಹೊಡೆದುಹಾಕಿಸಿದಳು.

ಭಾನುವಾರ ಜೋಯಿಸರು ಬಂದರು. ಎತ್ತರದ, ತೆಳ್ಳಗಿನ, ಕಾಫಿ ಮುಗಿಯುವವರೆಗೆ ಬಾಯಿ ಬಿಡದ ಮನುಷ್ಯ. ನಂಜುಂಡಯ್ಯ ಕುರ್ಚಿಯಲ್ಲಿ, ಸಾವಿತ್ರಮ್ಮ ಹೊಸ್ತಿಲಾಚೆ, ಲಲಿತ ಅಡುಗೆಮನೆ ಬಾಗಿಲಲ್ಲಿ. ನಾನು ಗೋಡೆಯ ಮುಂದೆ ಸ್ಕೇಲು ಹಿಡಿದು ನಿಂತೆ. ಬಹಳ ಹಿಂದೆ ಈಜಿಪ್ಟಿನ ಗ್ರೀಕರು ಒಬ್ಬ ಋಷಿಯ ಹೆಸರಲ್ಲಿ ಗ್ರಂಥಗಳನ್ನು ಬರೆದರು. ಮೇಲಿನ ಲೋಕದಲ್ಲಿರುವುದೇ ಕೆಳಗೂ ಇದೆ, ಮನುಷ್ಯನೊಳಗೆ ಇಡೀ ವಿಶ್ವವಿದೆ ಎಂದರು, ಎಂದು ಶುರುಮಾಡಿದೆ.

"ಇದ್ರಲ್ಲಿ ಹೊಸದೇನ್ ಬಂತು?" ಎಂದರು ಜೋಯಿಸರು.

ಗುಪ್ತ ಸಂಘಕ್ಕೆ ಹಾರಿದೆ. ಜರ್ಮನಿಯಲ್ಲಿ ಒಮ್ಮೆ ಒಂದು ರಹಸ್ಯ ಸಂಘದ ಕರಪತ್ರಗಳು ಹೊರಬಂದವು, ಯುರೋಪಿನ ಪಂಡಿತರೆಲ್ಲ ಸೇರಲು ಹಾತೊರೆದರು, ಆದರೆ ಸದಸ್ಯರನ್ನು ಕಂಡವರು ಯಾರೂ ಇಲ್ಲ. ನಂಜುಂಡಯ್ಯನವರ ಮುಖ ಮೊದಲ ಸಲ ಅರಳಿತು. "ನಮ್ಮ ಬಡಾವಣೆ ಸಂಘಾನೂ ಹಾಗೇ ಇದೆ ಸಾರ್. ಬೋರ್ಡ್ ಇದೆ, ಜನ ಇಲ್ಲ."

ಧೈರ್ಯ ಬಂದು, ಇಂಥ ವಿಷಯವನ್ನು ಅಭ್ಯಾಸ ಮಾಡುವ ಕ್ರಮವನ್ನೂ ವಿವರಿಸಿದೆ: ವಿದ್ವಾಂಸನಾದವನು ಇದನ್ನು ನಂಬಲೂಬಾರದು, ಕಂಡು ನಗಲೂಬಾರದು.

"ನಂಬಲ್ಲ, ನಗೋದೂ ಇಲ್ಲ," ಎಂದರು ಜೋಯಿಸರು. "ಮತ್ತೇನ್ ಮಾಡ್ತೀರಿ ಮೇಷ್ಟ್ರೇ?"

"ಓದ್ತೀನಿ."

"ಓದಿ?"

"ಟಿಪ್ಪಣಿ ಮಾಡ್ಕೋತೀನಿ."

ಹೊಸ್ತಿಲಾಚೆಯಿಂದ ಸಾವಿತ್ರಮ್ಮನವರ "ಪಾಪ" ಕೇಳಿಸಿತು. ಅಲ್ಲಿಗೆ ನಿಲ್ಲಿಸಿದ್ದರೆ ಮನೆ ಉಳಿದಂತೆಯೇ ಇತ್ತು. ಆದರೆ ಜೋಯಿಸರು ಎದ್ದು, ಕನ್ನಡಕ ಹಾಕಿಕೊಂಡು, ಏಳು ಗ್ರಹಗಳ ಪಟ್ಟಿಯ ಹತ್ತಿರ ಹೋದರು. ರಸವಾದಿಗಳು ಒಂದೊಂದು ಗ್ರಹಕ್ಕೆ ಒಂದೊಂದು ಲೋಹ ಹಂಚಿದ್ದರು. ಸೂರ್ಯನಿಗೆ ಚಿನ್ನ, ಚಂದ್ರನಿಗೆ ಬೆಳ್ಳಿ ಎನ್ನುವವರೆಗೆ ಅವರು ತಲೆದೂಗಿದರು. ಆಮೇಲೆ ಬೆರಳು ನಿಂತಿತು.

"ಗುರುವಿಗೆ ಏನ್ರೀ ಇದು?"

"ತವರ."

"ತವರ! ಬೃಹಸ್ಪತಿಗೆ! ಪಾತ್ರೆಗೆ ಕಲಾಯಿ ಹಾಕೋ ತವರ! ಬಂಗಾರ ಕೊಡ್ಬೇಕಾದ್ ಜಾಗಕ್ಕೆ? ಶನಿಗೆ ಸೀಸ ಬೇರೆ. ಕಬ್ಬಿಣ ಎಲ್ಲಿ ಹೋಯ್ತು?"

"ಕಬ್ಬಿಣ ಕುಜನಿಗೆ."

"ಯಾರ್ರೀ ಹೇಳ್ದೋರು?"

ಇಲ್ಲಿ ನಾನು ಹೇಳಬೇಕಾಗಿದ್ದ ಉತ್ತರ ಬಹಳ ಸುಲಭ: 'ಅವರು ಹಾಗೆ ತಿಳಿದಿದ್ದರು, ನನಗೇನು?' ಎಂದರೆ ಸಾಕಿತ್ತು. ಹೇಳಲಿಲ್ಲ. ಸಾವಿರಾರು ವರ್ಷಗಳ ಪರಂಪರೆ ನನ್ನ ಬೆನ್ನಿಗೆ ಬಂದು ನಿಂತಂತಾಯಿತು. ತವರ ಬೆಳ್ಳಗಿದೆ, ಗುರುಗ್ರಹವೂ ಬೆಳ್ಳಗೆ ಹೊಳೆಯುತ್ತದೆ ಎಂದೆ. ಸೀಸ ಭಾರ, ಮಂಕು, ಶನಿಯ ಸ್ವಭಾವವೂ ಅದೇ ಎಂದೆ. ಜೋಯಿಸರು ಸಂಸ್ಕೃತಕ್ಕೆ ಹೋದರು. ನಾನು ಲ್ಯಾಟಿನ್ನಿಗೆ ಹೋದೆ. ನನಗೆ ಲ್ಯಾಟಿನ್ ಬರುವುದಿಲ್ಲ. "ಗುರುವಿಗೆ ತವರಾನೇ!" ಎಂದು ಸ್ಕೇಲಿನಿಂದ ಗೋಡೆಗೆ ಬಡಿದೆ, ರಾಣಿಯ ಕಡೆಯ ಮೊಳೆ ಕಳಚಿತು. ಲಲಿತ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಸನ್ನೆ ಮಾಡುತ್ತಿದ್ದಳಂತೆ. ದಿನಚರಿಯ ಪ್ರಕಾರ ಈ ಚರ್ಚೆ ಅರ್ಧ ಗಂಟೆ 'ಸೌಹಾರ್ದದಿಂದ' ನಡೆಯಿತು. ಲಲಿತಳ ಪ್ರಕಾರ ಎದುರು ಮನೆಯವರು ಕಿಟಕಿ ತೆರೆದರು.

ನಂಜುಂಡಯ್ಯ ನಡುವೆ ಬಂದು, "ಜೋಯಿಸರೇ, ಅದಿರ್ಲಿ. ಕೆಡುಕು ಇದ್ಯೋ ಇಲ್ವೋ ಅದು ಹೇಳಿ" ಎಂದರು.

ಜೋಯಿಸರು ಕನ್ನಡಕ ತೆಗೆದು ಶಲ್ಯದ ತುದಿಯಲ್ಲಿ ಒರೆಸಿಕೊಂಡರು. "ಮಾಟ ಅಂದ್ರೆ ಲೆಕ್ಕ ಸರಿ ಇರ್ಬೇಕು. ಗುರುವಿಗೆ ತವರ, ಶನಿಗೆ ಸೀಸ ಅಂತ ನಂಬ್ಕೊಂಡಿರೋ ಮನುಷ್ಯ ಹಗಲೂ ರಾತ್ರಿ ಕೂತು ಮಾಡಿದ್ರೂ ನಿಮ್ಮನೇಲಿ ಒಂದು ಜಿರಲೆನೂ ಸಾಯಲ್ಲ. ಧೈರ್ಯವಾಗಿ ಇಟ್ಕೊಳ್ಳಿ."

ಗೆದ್ದೆವು! ಲಲಿತ ಒಳಗೆ ಹೋಗಿ ಎರಡನೇ ಸುತ್ತು ಕಾಫಿ ತಂದಳು, ಹಾಲು ಜಾಸ್ತಿ ಹಾಕಿ. ಸಾವಿತ್ರಮ್ಮ ಕೊನೆಗೂ ಹೊಸ್ತಿಲು ದಾಟಿದರು. ಓರೆಯಾಗಿ ನೇತಾಡುತ್ತಿದ್ದ ರಾಣಿಯನ್ನು ಬಿಟ್ಟು, ಒಲೆಯ ಚಿತ್ರದ ಮುಂದೆ ನಿಂತರು. "ಇದೇನು, ಪಾತ್ರೆಯೊಳಗೆ ಪಾತ್ರೆ?"

ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದನ್ನಿಟ್ಟು ಹದವಾಗಿ ಕಾಯಿಸುವುದು, ಈಜಿಪ್ಟಿನ ರಸವಾದಿ ಹೆಂಗಸೊಬ್ಬಳು ಕಂಡುಹಿಡಿದದ್ದು ಎನ್ನುತ್ತಾರೆ ಎಂದೆ.

"ಹೆಂಗಸೇ ಇರ್ಬೇಕು," ಎಂದರು ಸಾವಿತ್ರಮ್ಮ. "ಗಂಡಸ್ರಾಗಿದ್ರೆ ನೇರ ಬೆಂಕಿಗಿಟ್ಟು ತಳ ಹಿಡಿಸ್ತಿದ್ರು. ನಾನು ಲೇಹ್ಯ ಮಾಡೋದೂ ಹಿಂಗೇನೇ. ಮೇಷ್ಟ್ರೇ, ನಿಮ್ ಪುಸ್ತಕದಲ್ಲಿ ಅವಳ ವಿಷಯ ಸ್ವಲ್ಪ ಜಾಸ್ತಿ ಬರೀರಿ." ಅಲ್ಲಿಗೆ ಪಾಶ್ಚಾತ್ಯ ಗೂಢವಿದ್ಯೆಗಳಿಗೆ ಬನಶಂಕರಿಯಲ್ಲಿ ಮೊದಲ ಓದುಗರು ಸಿಕ್ಕರು. ಆ ಮನೆಯಲ್ಲಿ ಮುಂದೆ ಒಂಬತ್ತು ವರ್ಷ ಇದ್ದೆವು, ಪುಸ್ತಕವೂ ಅಲ್ಲೇ ಮುಗಿಯಿತು.

ಸಂಪೂರ್ಣ ಗೆಲುವು ಎಂದರೆ ಇದೇ ಅಲ್ಲವೇ? ಆದರೂ ಅಂದು ಸಂಜೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮನೆ ಉಳಿದ ಸಂತೋಷ ಎಲ್ಲೋ ಒಂದು ಕಡೆ ಇತ್ತು. ಅದರ ಮೇಲೆ ಜಿರಲೆಯ ಮಾತು ಹರಿದಾಡುತ್ತಿತ್ತು. ಒಂದು ಜಿರಲೆಯೂ ಸಾಯುವುದಿಲ್ಲವಂತೆ! ಮುಂದೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ನಾಲ್ಕು ಮೆಟ್ಟಿಲಿಳಿದು, ಗಾಳಿ ತೆಗೆದುಕೊಂಡು, ಹಿಂತಿರುಗಿದೆ ಎಂದು ನನ್ನ ಭಾವನೆ. ಲಲಿತ ಹೇಳುವುದೇ ಬೇರೆ. ನಾನು ಪೂರ್ತಿ ಕೆಳಗಿಳಿದು ಕರೆಗಂಟೆ ಒತ್ತಿದೆನಂತೆ. ಬಾಗಿಲು ತೆರೆದ ನಂಜುಂಡಯ್ಯನವರಿಗೆ, "ಜೋಯಿಸರಿಗೆ ಹೇಳ್ಬಿಡಿ, ನಾನು ಮನಸ್ಸು ಮಾಡಿದ್ರೆ ಮಾಟ ತಟ್ಟುತ್ತೆ" ಎಂದೆನಂತೆ. ಅವರು ನನ್ನ ಮುಖ ನೋಡಿ, "ಆಗ್ಲಿ ಸಾರ್, ಹೇಳ್ತೀನಿ. ಊಟ ಆಯ್ತಾ?" ಎಂದರಂತೆ.

ನಂಬಲೂಬಾರದು, ನಗಲೂಬಾರದು ಎಂಬ ನಿಯಮವನ್ನು ಲಲಿತಳ ಈ ಹೇಳಿಕೆಗೂ ಅನ್ವಯಿಸಿ ಸುಮ್ಮನಿದ್ದೇನೆ. ದಿನಚರಿ ತೆರೆದರೆ ಆ ದಿನದ ಪುಟದಲ್ಲಿ ಕೆಳಗಿಳಿದ ಸುದ್ದಿಯೇ ಇಲ್ಲ, ಕೊನೆಗೆ 'ಗುರುವಿಗೆ ತವರವೇ ಸರಿ' ಎಂಬ ಒಂದು ಸಾಲು ಮಾತ್ರ ಇದೆ. ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದೇನೆಂದರೆ, ಆ ಸಾಲಿನ ಗುರುತು ಬುಧವಾರದ ಪುಟದವರೆಗೂ ಮೂಡಿದೆ.