ಇಮೇಲಿನಲ್ಲಿ ಬೆಳೆದ ಅಂಚು

ನಮ್ಮ ಕಡೆ ತಜ್ಞನಾಗುವುದು ಬಹಳ ಸುಲಭ. ಹೊಸ ಯಂತ್ರ ಬಂದಾಗ ಅದರ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರೆ ಸಾಕು. ಚಳ್ಳಕೆರೆಯ ನಮ್ಮ ಹೈಸ್ಕೂಲಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆ ಗಾಳಿ ಬೇಕೆಂದು ಸ್ಟಾಫ್ ರೂಮಿನ ಫ್ಯಾನಿನ ಕೆಳಗೆ ಇಟ್ಟರು. ಆ ಜಾಗ ಹನ್ನೆರಡು ವರ್ಷದಿಂದ ನನ್ನದು. ಹೀಗೆ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಒಂದೇ ಮಧ್ಯಾಹ್ನದಲ್ಲಿ ಕಂಪ್ಯೂಟರ್ ಮೇಷ್ಟ್ರೂ ಆದೆ. ನನಗೆ ಅದೆಷ್ಟು ಗೊತ್ತು ಎಂದು ಯಾರೂ ಕೇಳಲಿಲ್ಲ, ನಾನಾಗಿ ಹೇಳುವಷ್ಟು ದಡ್ಡನೂ ನಾನಲ್ಲ.

ನನ್ನ ಹೆಂಡತಿ ಗಿರಿಜ ಮೊಳಕಾಲ್ಮೂರಿನವಳು. ರೇಷ್ಮೆ ಸೀರೆಯ ಊರಿನಲ್ಲಿ ಹುಟ್ಟಿಯೂ ತನಗೆ ಬೇಕಾದ ಸೀರೆಯನ್ನು ತಾನೇ ಆರಿಸಿ ಉಟ್ಟವಳಲ್ಲ. ಮೊದಲು ಅವಳ ಅವ್ವ ತೆಗೆದದ್ದು, ಆಮೇಲೆ ನಮ್ಮ ಅವ್ವ ತೆಗೆದದ್ದು, ಆಮೇಲೆ ನಾನು ತೆಗೆದದ್ದು. ನಾನು ತೆಗೆದದ್ದರ ಮಾತು ಬೇಡ. ಅದರಲ್ಲೊಂದರ ಬಣ್ಣವನ್ನು ಎಲ್ಲಿ ನೋಡಿದ್ದೇನೆ ಎಂದು ಬಹಳ ದಿನ ಯೋಚಿಸಿ, ಕೊನೆಗೆ ನಮ್ಮ ಸ್ಕೂಲಿನ ಬೆಂಚುಗಳಲ್ಲಿ ಪತ್ತೆ ಹಚ್ಚಿದೆ. ಗಿರಿಜ ಅದನ್ನೂ ಉಟ್ಟಳು, ಪಾಪ.

ಅವಳ ತಮ್ಮ ತಿಪ್ಪೇಸ್ವಾಮಿ ಊರಿನಲ್ಲೇ ಸೀರೆ ನೇಯಿಸುವ ವ್ಯಾಪಾರಿ. ಸೀರೆಯ ಚಿತ್ರ ಬಿಡಿಸಲೆಂದು ಯಾರೋ ಬಳಸಿ ಬಿಟ್ಟಿದ್ದ ಮ್ಯಾಕ್ ಕಂಪ್ಯೂಟರೊಂದನ್ನು ತಂದಿದ್ದ. ಒಂದು ಶನಿವಾರ ಅವನ ಫೋನು ಬಂತು. "ಅಕ್ಕಾ, ನಿಂಗೊಂದು ಸೀರೆ ನೇಯಿಸ್ತೀನಿ, ನಿಂಗ್ ಹೆಂಗ್ ಬೇಕೋ ಹಂಗೆ. ಚಿತ್ರಾನ ಭಾವಂಗೆ ಇಮೇಲ್ ಮಾಡ್ತೀನಿ, ನೋಡಿ ಹೇಳು. ಸೋಮವಾರ ಬೆಳಿಗ್ಗೆ ಹಾಸಿನ ನೂಲು ಮಗ್ಗಕ್ಕೇರತೈತೆ, ಆಮೇಲೆ ಬದಲಾಯ್ಸಕ್ಕಾಗಲ್ಲ, ಅಷ್ಟ್ರೊಳಗೆ ಹೇಳ್ಬೇಕು ಮತ್ತೆ."

ಗಿರಿಜಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. "ಎರಡು ಬೆರಳಿನ ಅಂಚು ಸಾಕ್ರೀ, ದೊಡ್ಡಂಚು ನಂಗೆ ಸೇರಲ್ಲ. ನೀವು ಚಿತ್ರ ತಂದು ತೋರಿಸ್ರಿ" ಎಂದಳು. ನಾನು ತಜ್ಞನ ಗತ್ತಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಇಂಟರ್ನೆಟ್ ಇದ್ದದ್ದು ರಹಮತ್ ಸಾಹೇಬರ ಅಂಗಡಿಯಲ್ಲಿ. ಹಿಂದುಗಡೆ ಪಂಪ್‌ಸೆಟ್ ಮೋಟಾರು ರಿಪೇರಿ, ಮುಂದುಗಡೆ ಎರಡು ವಿಂಡೋಸ್ ಕಂಪ್ಯೂಟರು. ತಿಪ್ಪೇಸ್ವಾಮಿಯ ಮೇಲ್ ಬಂದಿತ್ತು. ಅದರ ಜೊತೆ ಎರಡು ಫೈಲು, ಒಂದು ದೊಡ್ಡದು, ಒಂದು ಪುಟಾಣಿ. ಎರಡೂ ತೆರೆಯಲಿಲ್ಲ. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ನಾನು ಮೊಳಕಾಲ್ಮೂರಿನ ಅಳಿಯ. ಅಲ್ಲಿ ಸೀರೆಯ ಒಡಲಿಗೇ ಬೇರೆ ಲಾಳಿ, ಅಂಚಿಗೇ ಬೇರೆ ಲಾಳಿ ಓಡುವುದನ್ನು ಮಗ್ಗದ ಪಕ್ಕ ಕೂತು ಕಣ್ಣಾರೆ ನೋಡಿದವನು. ದೊಡ್ಡ ಫೈಲು ಒಡಲು, ಪುಟಾಣಿ ಫೈಲು ಅಂಚು ಎಂದು ತಕ್ಷಣ ಹೊಳೆಯಿತು. ಅಂಚು ಪೂರ್ತಿ ಬಂದಿಲ್ಲ, ಅದಕ್ಕೇ ಒಡಲೂ ತೆರೆಯುತ್ತಿಲ್ಲ. ನನ್ನ ತರ್ಕಕ್ಕೆ ನಾನೇ ಬೆರಗಾದೆ.

"ಏನಾತು ಮೇಷ್ಟ್ರೇ, ನಾನು ನೋಡ್ಲಾ?" ಎಂದರು ರಹಮತ್ ಸಾಹೇಬರು. ಮೋಟಾರಿಗೆ ತಂತಿ ಸುತ್ತುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡು, "ಪರವಾಗಿಲ್ಲ ಬಿಡಿ" ಎಂದೆ. ಆಗ ಇಮೇಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕಿತ್ತು. ಹಾಗೇ ಬರೆದೆ: "ಒಡಲು ಸರಿಯಾಗಿದೆ. ಅಂಚು ತೀರಾ ಚಿಕ್ಕದು. ದೊಡ್ಡದು ಕಳಿಸು."

ಭಾನುವಾರ ಬೆಳಿಗ್ಗೆ ಮತ್ತೆ ಬಂತು. ದೊಡ್ಡದು ದೊಡ್ಡದಾಗಿಯೇ ಇತ್ತು, ಪುಟಾಣಿ ಕೂದಲಷ್ಟೂ ಬೆಳೆದಿರಲಿಲ್ಲ. "ಇನ್ನೂ ಸಾಲದು" ಎಂದು ಬರೆದೆ. ಸಂಜೆಗೆ ಮೂರನೆಯದು ಬಂತು, ಅದೇ ಕಥೆ. ನನಗೂ ರೇಗಿತು. "ಇಷ್ಟು ಹೇಳಿದರೂ ಅಂಚು ಚಿಕ್ಕದೇ! ಧಾರಾಳವಾಗಿ ಹಾಕು" ಎಂದು ಕುಟ್ಟಿದೆ. ಮನೆಯಲ್ಲಿ ಗಿರಿಜ ಬಾಗಿಲಲ್ಲೇ ನಿಂತಿದ್ದಳು. "ಚಿತ್ರ ಇನ್ನೂ ದಾರಿಯಲ್ಲಿದೆ" ಎಂದೆ.

ಸೋಮವಾರ ಸ್ಕೂಲು ಬಿಟ್ಟು ಹೋದರೆ ನಾಲ್ಕನೆಯದು ಕಾದಿತ್ತು. ರಹಮತ್ ಸಾಹೇಬರು ಈ ಸಲ ಕೇಳದೆಯೇ ಕುರ್ಚಿ ಎಳೆದುಕೊಂಡರು. "ಕಳಿಸಿದ್ದು ಯಾವ ಮಶೀನು?" ಎಂದರು. ಮ್ಯಾಕ್ ಎಂದೆ. "ಅರೆ, ಆ ಮಶೀನಿಗೆ ಫೈಲಿನ ಹೆಸರಿನ ಕೊನೆಗೆ ಚಿತ್ರ ಅಂತ ಗುರುತಿಗೆ ಡಾಟ್ ಜೆಪಿಜಿ ಬೇಕಾಗಿಲ್ಲ, ನಮ್ದಕ್ಕೆ ಬೇಕು. ಈ ಸಣ್ಣದು ಅದು ತನಗೇ ಇಟ್ಕೊಂಡ ಚೀಟಿ, ನಮಗೆ ಕೆಲಸಕ್ಕೆ ಬರಲ್ಲ" ಎಂದು ದೊಡ್ಡ ಫೈಲಿನ ಹೆಸರಿನ ಕೊನೆಗೆ ಅದನ್ನು ಸೇರಿಸಿ ಒತ್ತಿದರು. ಸೀರೆ ತೆರೆದುಕೊಂಡಿತು, ಒಡಲು ಅಂಚು ಎಲ್ಲ ಒಟ್ಟಿಗೇ.

ನಾಲ್ಕನ್ನೂ ಸಾಲಾಗಿ ತೆರೆದರು. ಮೊದಲನೆಯದರಲ್ಲಿ ಎರಡೇ ಬೆರಳಿನ ಅಂಚು, ಗಿರಿಜ ಹೇಳಿದ ಹಾಗೇ. ಎರಡನೆಯದರಲ್ಲಿ ಗೇಣುದ್ದ. ಮೂರನೆಯದರಲ್ಲಿ ಮೊಳಕಾಲಿನವರೆಗೆ. ನಾಲ್ಕನೆಯದರಲ್ಲಿ ಒಡಲು ಎಲ್ಲಿದೆ ಎಂದು ಹುಡುಕಬೇಕಿತ್ತು. ಅಲ್ಲಿಂದಲೇ ಮೊಳಕಾಲ್ಮೂರಿಗೆ ಫೋನು ಮಾಡಿದೆ. "ಬೆಳಿಗ್ಗೇನೇ ಹಾಸು ಏರಿಸ್ಬಿಟ್ರು ಭಾವಾ. ನೀವು ಬೈದ ಮೇಲೆ ಬಿಡ್ತೀನಾ? ಧಾರಾಳವಾಗೇ ಹಾಕ್ಸೀನಿ" ಎಂದ ತಿಪ್ಪೇಸ್ವಾಮಿ, ಬಹಳ ಖುಷಿಯಲ್ಲಿ.

ನೇಯ್ಗೆ ಮುಗಿದ ಮೇಲೆ ಅವನೇ ಸೀರೆ ತಂದ. ಗಿರಿಜ ಮಡಿಕೆ ಬಿಚ್ಚಿ ಅಂಚಿಗೆ ಗೇಣು ಹಾಕಿ ನೋಡಿದಳು. "ನಾನು ಸಣ್ಣದೇ ಬಿಡಿಸಿದ್ದೆ ಅಕ್ಕಾ. ದೊಡ್ಡದೇ ಆಗ್ಬೇಕು ಅಂತ ಭಾವಾನೇ ಹಠ ಹಿಡಿದ್ರು" ಎಂದ ಅವನು. ಅವಳು ನನ್ನ ಕಡೆ ತಿರುಗಿ, "ನೀವೇ ಆಸೆಪಟ್ಟು ಕೇಳಿದ್ರಾ? ಇರ್ಲಿ ಬಿಡ್ರೀ, ಉಡ್ತೀನಿ" ಎಂದಳು. ಇನ್ನೊಬ್ಬರು ಆರಿಸಿದ ಸೀರೆಗಳ ಸಾಲಿಗೆ ಇನ್ನೊಂದು ಸೇರಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಅವನ ಬಸ್ಸು ಹೊರಟ ಮೇಲೆ ಎಲ್ಲವನ್ನೂ ಒಪ್ಪಿಕೊಂಡೆ.

ಗಿರಿಜ ಸಿಟ್ಟಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಆ ಮೊದಲನೇದು ಇನ್ನೂ ಐತಾ? ನಡೀರಿ" ಎಂದಳು. ರಹಮತ್ ಸಾಹೇಬರ ಅಂಗಡಿಯಲ್ಲಿ ಎರಡು ಬೆರಳಿನ ಅಂಚನ್ನು ಕಣ್ತುಂಬ ನೋಡಿ, ನನ್ನ ಹಿಂದೆ ನಿಂತು ತಮ್ಮನಿಗೆ ಕಾಗದ ಹೇಳಿ ಬರೆಸಿದಳು: "ತಮ್ಮಾ, ಮೊದಲು ಕಳಿಸಿದ್ದನ್ನೇ ಇನ್ನೊಂದು ನೇಯಿಸು. ಇನ್ನು ಮೇಲೆ ನಿಮ್ಮ ಭಾವ ಏನೇ ಬರೆದರೂ ನನ್ನನ್ನು ಕೇಳದೆ ನಂಬಬೇಡ." ಅವಳಿಗೆ ಟೈಪಿಂಗ್ ಬರುವುದಿಲ್ಲವಾದ್ದರಿಂದ, ಒಂದಕ್ಷರ ಬಿಡದೆ ಅದನ್ನು ಟೈಪ್ ಮಾಡಿ ಕಳಿಸಿದವನು ನಾನೇ.